ಒಂದು ಪಕ್ಕೆಲುಬು ಮೇಲೆ

ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆಸ್ಪತ್ರೆಯ ಉಳಿದೆಲ್ಲ ಕಡೆ ಅವಳು ‘ಅರವತ್ತು’. ವಯಸ್ಸು ಅಂದುಕೊಂಡು ಎದುರಿಗೆ ಬಾಯಿಬಿಟ್ಟೀರಿ, ಜೋಕೆ! ವಯಸ್ಸು ನಲವತ್ತೇಳು, ಅದನ್ನೂ ಅವಳು ನಲವತ್ತೈದಕ್ಕೇ ನಿಲ್ಲಿಸಿಕೊಂಡಿದ್ದಳು. ಹೆಸರು ಬಂದದ್ದು ಹೃದಯದ ಲೆಕ್ಕದಿಂದ. ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಅರವತ್ತು ಪಾಲನ್ನು ಹೊರಗೆ ತಳ್ಳಿದರೆ ಅದು ಗಟ್ಟಿ ಹೃದಯ. ಹೃದಯದ ಸ್ಕ್ಯಾನ್ ನಡೆಯುವ ಎಕೋ ಕೋಣೆಯ ಮಂಚದ ಮೇಲೆ ಮಲಗಿದವರ ಎದೆಗೆ ಜೆಲ್ ಹಚ್ಚಿ, ಪ್ರೋಬ್ ಇಟ್ಟು, ಪರದೆಯನ್ನು ಒಂದು ಸಲ ನೋಡಿದಳೆಂದರೆ ಮುಗಿಯಿತು: “ಅರವತ್ತು. ಏಳಿ, ಒರೆಸಿಕೊಳ್ಳಿ.” ಹೃದಯದ ಡಾಕ್ಟರು ಆಮೇಲೆ ಗೆರೆ ಎಳೆದು ಅಳೆದರೆ ಐವತ್ತೊಂಬತ್ತೋ ಅರವತ್ತೊಂದೋ ಬರುತ್ತಿತ್ತು. ಅವಳು ನಲವತ್ತು ಅಂದರೆ ನಲವತ್ತೇ. ಇಪ್ಪತ್ಮೂರು ವರ್ಷದ ಕಣ್ಣಳತೆ ಅದು, ಸುಮ್ಮನೆ ಬರುವಂಥದ್ದಲ್ಲ.

ಬಾಯಿ ಮಾತ್ರ ಸ್ವಲ್ಪ ಜೋರು. ಪಕ್ಕದ ಮಂಚದಲ್ಲಿ ಕೆಲಸ ಮಾಡುವ ಇನ್ನೊಬ್ಬಳು ಒಬ್ಬೊಬ್ಬರಿಗೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿದ್ದಳು. ಅವಳಿಗೆ ‘ನಿಧಾನಮ್ಮ’ ಎಂದು ಹೆಸರಿಟ್ಟವಳು ಇವಳೇ. “ಏನೇ ನಿಧಾನಮ್ಮ, ಹೃದಯ ನೋಡ್ತಿದೀಯೋ, ಅದಕ್ಕೆ ಜೋಗುಳ ಹಾಡ್ತಿದೀಯೋ?” ಎಂದು ಮಂಚಗಳ ನಡುವಿನ ಬಟ್ಟೆಯ ಪರದೆಯ ಈಚೆಯಿಂದಲೇ ಕೆಣಕುವುದು ದಿನಾ ಇದ್ದದ್ದೇ. ಒಮ್ಮೆ ನಿಧಾನಮ್ಮ ತನ್ನ ಅಪ್ಪನಿಗೆ ತಾನೇ ಎಕೋ ಮಾಡಿ, ಕವಾಟದ ಸೋರಿಕೆಯೊಂದನ್ನು ಕಾಣದೆ ಬಿಟ್ಟಳು. ಅವತ್ತು ಅರವತ್ತು ಎಲ್ಲರೆದುರಿಗೆ ಅವಳ ನೀರಿಳಿಸಿದಳು. “ನಮ್ಮವರ ಎದೆ ಮೇಲೆ ಕೈಯಿಟ್ರೆ ಕಣ್ಣು ಸುಳ್ಳು ಹೇಳುತ್ತೆ ಕಣೇ. ಇಷ್ಟು ವರ್ಷ ಮಣ್ಣು ಹೊತ್ತಿದ್ಯಾ ಇಲ್ಲಿ?” ಎಂದವಳೇ ದಪ್ಪ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದಳು: ‘ಸ್ವಂತ ಸಂಬಂಧಿಕರ ಎಕೋ ಸ್ವಂತ ಕೈಯಲ್ಲಿ ಮಾಡಬಾರದು.’ ಆ ಹಾಳೆಯ ಮೂಲೆ ಎದ್ದು ಬಂದಾಗಲೆಲ್ಲ ಅವಳೇ ಹೋಗಿ ಹೊಸದಾಗಿ ಟೇಪು ಹಚ್ಚುತ್ತಿದ್ದಳು.

ಅವಳಿಗೆ ಸ್ವಂತದವರು ಅಂತ ಇದ್ದದ್ದು ಒಂದೇ ಜೀವ, ಅತ್ತಿಗೆ. ಇವಳಿಗೆ ಒಂಬತ್ತು ವರ್ಷವಿದ್ದಾಗ ಅಣ್ಣನ ಕೈಹಿಡಿದು ಬಂದವಳು. ನಾಲ್ಕೇ ವರ್ಷಕ್ಕೆ ಅಣ್ಣ ಹೋದ. ಅಪ್ಪ ಅಮ್ಮ ಅದಕ್ಕೂ ಮೊದಲೇ ಹೋಗಿದ್ದರು. ಇಪ್ಪತ್ತೆರಡರ ಆ ಹೆಂಗಸು ತವರಿಗೆ ಹೋಗಿ ಇನ್ನೊಂದು ಬಾಳು ಕಟ್ಟಿಕೊಳ್ಳಬಹುದಿತ್ತು, ಕರೆದವರೂ ಇದ್ದರು. “ಈ ಮಗೂನ ಯಾರ ಬಾಗಿಲಲ್ಲಿ ಬಿಟ್ಟು ಬರ್ಲಿ?” ಎಂದು ಕೇಳಿ ಹೊಲಿಗೆ ಯಂತ್ರದ ಮುಂದೆ ಕೂತವಳು ಮೂವತ್ತನಾಲ್ಕು ವರ್ಷ ಅಲ್ಲಿಂದ ಏಳಲಿಲ್ಲ. ಅಂಗಿ, ಪ್ಯಾಂಟು, ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಏನು ಕೊಟ್ಟರೆ ಅದು. ಅರವತ್ತು ಓದಿ ಪಾಸಾದದ್ದು ಆ ಯಂತ್ರದ ಸದ್ದಿನಲ್ಲಿ. ಇವಳಿಗೆ ಮದುವೆ ಯಾಕಾಗಲಿಲ್ಲ ಅನ್ನುವುದು ಬೇರೆಯೇ ಕಥೆ, ಇಲ್ಲಿ ಬೇಡ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಖವಾಗಿದ್ದರು.

ಹಾಗಿರುವಾಗ ಅತ್ತಿಗೆಯ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್. ಆ ಕಡೆಯದನ್ನು ಪೂರ್ತಿ ತೆಗೆದರು, ಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಆಮೇಲೆ ಮೂರು ವಾರಕ್ಕೊಮ್ಮೆ ಒಂದು ಮದ್ದು, ಒಂದು ವರ್ಷದವರೆಗೆ. ಮದ್ದು ಒಳ್ಳೆಯದೇ, ಆದರೆ ಕೆಲವರಲ್ಲಿ ಅದು ಹೃದಯದ ಸ್ನಾಯುವನ್ನು ಸದ್ದಿಲ್ಲದೆ ಸೋಲಿಸುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಎಕೋ ಆಗಲೇಬೇಕು. ಸೋತದ್ದು ಹೊತ್ತಿಗೆ ಸರಿಯಾಗಿ ಗೊತ್ತಾದರೆ ಮದ್ದು ನಿಲ್ಲಿಸಿ, ಮಾತ್ರೆ ಕೊಟ್ಟು ಸ್ನಾಯುವನ್ನು ಮತ್ತೆ ಮೇಲೆತ್ತಬಹುದು.

ಅತ್ತಿಗೆ ಮೊದಲ ದಿನವೇ ಹಟ ಹಿಡಿದಳು. “ಆ ಗಾಯ ನಾನೇ ಕನ್ನಡಿಯಲ್ಲಿ ನೋಡ್ಕೊಂಡಿಲ್ಲ ಪುಟ್ಟಿ. ಗುರುತು ಪರಿಚಯ ಇಲ್ಲದವರ ಮುಂದೆ ಬಿಚ್ಚಿ ಮಲಗ್ಲಾ? ನೀನಾದ್ರೆ ಬರ್ತೀನಿ. ಇಲ್ದಿದ್ರೆ ನಿಮ್ಮ ಎಕೋನೂ ಬೇಡ, ಮದ್ದೂ ಬೇಡ.”

ಅರವತ್ತು ಡಾಕ್ಟರನ್ನು ಒಪ್ಪಿಸಿದಳು. ಗೋಡೆಯ ಮೇಲಿನ ತನ್ನದೇ ಹಾಳೆಗೆ ಬೆನ್ನು ತಿರುಗಿಸಿ ಮಂಚದ ಸುತ್ತ ಪರದೆ ಎಳೆದಳು. ನಿಧಾನಮ್ಮ ಹಾಳೆಯನ್ನೊಮ್ಮೆ, ಇವಳನ್ನೊಮ್ಮೆ ನೋಡಿದಳು.

ಕೋಣೆಗೆ ಹೊಸ ಯಂತ್ರ ಬಂದದ್ದೂ ಅದೇ ವರ್ಷ. ಅದು ಹೃದಯದ ಗೋಡೆಯ ಒಂದೊಂದು ಚುಕ್ಕೆಯನ್ನೂ ಹಿಂಬಾಲಿಸಿ, ಬಡಿತಕ್ಕೆ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗಿತು ಎಂದು ಹೇಳುತ್ತಿತ್ತು. ನೂರಕ್ಕೆ ಇಪ್ಪತ್ತು ಕುಗ್ಗಿದರೆ ಚೆನ್ನ. ಕೊನೆಗೆ ಹದಿನೇಳು ತುಂಡಿನ ಒಂದು ಚಕ್ರ ಬರೆದು ತೋರಿಸುವುದು: ಗಟ್ಟಿ ಇದ್ದಲ್ಲಿ ಕಡುಕೆಂಪು, ಸೋತಲ್ಲಿ ಬಿಳಿಚು. “ಇದೇನು ಯಂತ್ರವೋ ರಂಗೋಲಿಯೋ?” ಎಂದು ಅರವತ್ತು ನಕ್ಕಿದ್ದಳು. ಆದರೂ ಅತ್ತಿಗೆಗೆ ಅದನ್ನು ಚೆನ್ನಾಗಿಯೇ ಬಿಡಿಸಿ ಹೇಳಿದಳು. “ಪಾತ್ರೆಯಿಂದ ಎಷ್ಟು ನೀರು ಹೊರಗೆ ಹೋಯ್ತು ಅನ್ನೋದು ನನ್ನ ಹಳೇ ಲೆಕ್ಕ ಅತ್ತಿಗೆ. ಪಾತ್ರೆಯ ಗೋಡೆಗೆ ಎಷ್ಟು ಸುಸ್ತಾಗಿದೆ ಅನ್ನೋದು ಈ ಹೊಸ ಲೆಕ್ಕ.”

“ಹಾಗನ್ನು. ಬಟ್ಟೆ ಹರಿಯೋಕೆ ಮುಂಚೆ ನೂಲು ಸಡಿಲ ಆಗುತ್ತಲ್ಲ, ಅದನ್ನ ತೋರಿಸುತ್ತೆ,” ಅಂದಳು ಅತ್ತಿಗೆ. ಹೃದಯದ ಡಾಕ್ಟರು ಒಂದು ಗಂಟೆಯ ಪಾಠದಲ್ಲಿ ಹೇಳಿದ್ದೂ ಇಷ್ಟೇ.

ಮೊದಲ ಸಲ ಇಪ್ಪತ್ತು ಬಂತು. ಎರಡನೇ ಸಲ ಹತ್ತೊಂಬತ್ತು. ಎಡಗೈ ಮೇಲೆತ್ತಲು ಆಗದ ಅತ್ತಿಗೆಗೆ ಪ್ರತಿ ಸಲವೂ ಅರವತ್ತೇ ಅಂಗಿಯ ಗುಂಡಿ ಹಾಕುತ್ತಿದ್ದಳು.

ಮೂರನೇ ಸಲದ ಮಾತನ್ನು ಸ್ವಲ್ಪ ನಿಂತು ಹೇಳಬೇಕು, ಎಲ್ಲ ಕೆಟ್ಟದ್ದು ಅಲ್ಲೇ. ಕರೆಂಟು ಕೊಟ್ಟ ಜಾಗದ ಚರ್ಮ ಆ ಹೊತ್ತಿಗೆ ಬಿಗಿದು ಗಡುಸಾಗಿತ್ತು. ಹೃದಯದ ತುದಿ ಸರಿಯಾಗಿ ಕಾಣಬೇಕೆಂದರೆ ಪ್ರೋಬನ್ನು ಆ ಗಾಯದ ಗೆರೆಯ ಮೇಲೇ ಒತ್ತಬೇಕು. ಅರವತ್ತು ಒತ್ತಿದಳು. ಒಂದು ಬಡಿತ, ಎರಡು ಬಡಿತದ ಚಿತ್ರ ಸಿಕ್ಕಿತು. ಅತ್ತಿಗೆ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದಳು. “ನೋಯ್ತಾ?” ಎಂದರೆ “ಇಲ್ಲ, ಒತ್ತು, ಒತ್ತು,” ಅಂದಳು. ಕಣ್ಣ ಕೊನೆಯಲ್ಲಿ ನೀರು ನಿಂತಿತ್ತು.

ಯಂತ್ರ ಆ ಎರಡು ಬಡಿತದ ಲೆಕ್ಕ ಹಾಕಿ ಹದಿನೈದು ಎಂದಿತು. ಚಕ್ರದ ನಡುಭಾಗ, ಅಂದರೆ ಹೃದಯದ ತುದಿ, ಬಿಳಿಚಿಕೊಂಡಿತ್ತು.

ಅರವತ್ತು ಪ್ರೋಬನ್ನು ಒಂದು ಪಕ್ಕೆಲುಬು ಮೇಲಕ್ಕೆ ಸರಿಸಿದಳು. ಅಲ್ಲಿ ನೋವಿರಲಿಲ್ಲ. ಅಲ್ಲಿಂದ ನೋಡಿದರೆ ತುದಿ ಕತ್ತರಿಸಿ ಹೋಗಿ, ಹೃದಯ ಉಂಡೆಯಂತೆ ದುಂಡಗೆ, ಲಕಲಕ ಎಂದು ಕುಣಿಯುವ ಹಾಗೆ ಕಾಣುತ್ತದೆ. ಇದು ಎಕೋ ಕಲಿಯುವವರಿಗೆ ಮೊದಲ ವಾರದಲ್ಲೇ ‘ಹುಷಾರು’ ಎಂದು ಹೇಳಿಕೊಡುವ ಮೋಸ; ಎಷ್ಟೋ ಜನಕ್ಕೆ ಇವಳೇ ಹೇಳಿಕೊಟ್ಟಿದ್ದಳು. ಅಲ್ಲಿ ಹದಿನೇಳು ಬಂತು. ಇನ್ನೂ ಎರಡು ತುಂಡು ಬಿಳಿಚಾಗಿದ್ದವು. ಯಂತ್ರ ಎಳೆದ ಗೆರೆಯನ್ನು ಮೌಸಿನಲ್ಲಿ ಹಿಡಿದು ಅಲ್ಲಿಷ್ಟು ಹೊರಗೆ, ಇಲ್ಲಿಷ್ಟು ಒಳಗೆ ಜಗ್ಗಿದಳು. ಚಕ್ರ ಕೆಂಪಾಯಿತು. ಹತ್ತೊಂಬತ್ತು. ‘ಗಾಯದಿಂದ ಚಿತ್ರ ಕೆಟ್ಟಿದೆ, ಯಂತ್ರಕ್ಕೇನು ಗೊತ್ತು?’ ಎಂದು ಮನಸ್ಸಿಗೆ ಹೇಳಿಕೊಂಡಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಜ ಬೇರೆಯೇ ಇತ್ತು. ಇನ್ನು ನಾಲ್ಕೇ ಸಲದ ಮದ್ದು ಉಳಿದಿತ್ತು. “ನಡುವೆ ನಿಲ್ಲಿಸಿದ್ರೆ ಗಂಟು ಮತ್ತೆ ಬರುತ್ತಂತೆ ಕಣೆ, ಪೂರ್ತಿ ಮುಗಿಸಿಬಿಡ್ಲಿ,” ಎಂದು ಅತ್ತಿಗೆ ಹಿಂದಿನ ದಿನವಷ್ಟೇ ಅಂದಿದ್ದಳು. ಇವಳಿಗೆ ಒಳ್ಳೆಯ ಅಂಕೆ ಬೇಕಿತ್ತು. ಬೇಕಾದದ್ದನ್ನು ತಾನೇ ಮಾಡಿಕೊಂಡಳು.

ವರದಿಯಲ್ಲಿ ಬರೆದಳು: ಅರವತ್ತು, ಹತ್ತೊಂಬತ್ತು. ಅವಸರಕ್ಕೆ ಅತ್ತಿಗೆಯ ಅಂಗಿಯ ಗುಂಡಿಯೊಂದು ತಪ್ಪಿ ಮೇಲಿನ ಕಾಜಕ್ಕೆ ಹೋಯಿತು. “ನಲವತ್ತು ದಾಟಿದ್ರೂ ಗುಂಡಿ ಹಾಕೋಕೆ ಬರಲ್ಲ ನಿಂಗೆ,” ಎಂದು ಅತ್ತಿಗೆ ನಕ್ಕಳು. ಮದ್ದು ಮುಂದುವರಿಯಿತು.

ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ. ಮುಂದಿನ ಆರು ವಾರದಲ್ಲಿ ಅತ್ತಿಗೆ ಮೆಟ್ಟಿಲ ತಿರುವಿನಲ್ಲಿ ನಿಂತು “ಚಪ್ಪಲಿ ಸರಿಮಾಡ್ಕೋತೀನಿ, ನೀನು ನಡಿ” ಅನ್ನತೊಡಗಿದಳು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಹಾಗೇ ಬಿದ್ದಿತ್ತು. ಊರವರ ಎದೆಯೊಳಗಿನದೆಲ್ಲ ಕಾಣುವವಳಿಗೆ ಪಕ್ಕದಲ್ಲಿ ಕೂತವಳ ಉಸಿರು ಕೇಳಿಸಲಿಲ್ಲ. ಒಂದು ಬೆಳಗ್ಗೆ ಅತ್ತಿಗೆ ಕಾಲು ಚಾಚಿ ಕೂತಿದ್ದಾಗ ಅವಳ ಊದಿದ ಪಾದ ಕಣ್ಣಿಗೆ ಬಿತ್ತು. ಚಪ್ಪಲಿಯ ಪಟ್ಟಿ ಕೂತ ಜಾಗ ಹಳ್ಳ ಬಿದ್ದಿತ್ತು. ಅರವತ್ತು ಬಗ್ಗಿ ಹೆಬ್ಬೆರಳಿಂದ ಒತ್ತಿದಳು. ಗುಳಿ ಬಿದ್ದದ್ದು ಮೇಲೇಳಲಿಲ್ಲ. ಅವಳಿಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು, ಹದಿನೈದು ಅನ್ನುವ ಅಂಕೆ ಕಣ್ಣೆದುರು ಬಂದು ನಿಂತಿತು.

ತುರ್ತು ವಿಭಾಗದಲ್ಲಿ ಡಾಕ್ಟರೇ ಪ್ರೋಬ್ ಹಿಡಿದರು. ಬೇಡ ಅನ್ನಲು ಅತ್ತಿಗೆಗೆ ಉಸಿರೇ ಇರಲಿಲ್ಲ. “ನಲವತ್ತೂ ಇಲ್ಲ,” ಅಂದರು ಡಾಕ್ಟರು. ಇವಳೂ ನೋಡಿದಳು, ಇರಲಿಲ್ಲ. ನೀರಿಳಿಯುವ ಇಂಜೆಕ್ಷನ್ ಕೊಟ್ಟು, ವಾರ್ಡಿಗೆ ಕಳಿಸಿ, ಅವರು ಹಳೆಯ ವರದಿ ತೆಗೆದು ಹುಬ್ಬು ಗಂಟಿಕ್ಕಿದರು.

“ಆರು ವಾರದ ಕೆಳಗೆ ಅರವತ್ತು, ಹತ್ತೊಂಬತ್ತು. ಆ ಮದ್ದು ಇಷ್ಟು ಬೇಗ ಕೆಡಿಸೋದು ಅಪರೂಪ. ಬೇರೆ ಏನೋ ಇರಬೇಕು. ರಕ್ತನಾಳ ಕಟ್ಟಿದೆಯಾ ನೋಡ್ಬೇಕು. ನಾಳೆ ಬೆಳಗ್ಗೆ ಕೈಯಿಂದ ನಳಿಗೆ ಹಾಕಿ ಆಂಜಿಯೋಗ್ರಾಂ ಮಾಡಿಬಿಡೋಣ.” ಆಮೇಲೆ ತಲೆಯೆತ್ತಿ ಕೇಳಿದರು, “ಹೋದ ಸಲ ಚಿತ್ರ ಚೆನ್ನಾಗಿ ಸಿಕ್ಕಿತ್ತು ತಾನೆ?”

“ಹೌದು ಸಾರ್.”

“ನೀವೇ ಮಾಡಿದ್ದು ಅಂದ್ಮೇಲೆ ಕೇಳೋದೇನಿದೆ ಬಿಡಿ.”

ಭೂಮಿ ಬಾಯಿಬಿಟ್ಟಿದ್ದರೆ ಅವಳು ಅಲ್ಲೇ ಇಳಿದುಹೋಗುತ್ತಿದ್ದಳು. ‘ಹೌದು ಸಾರ್’ ಅನ್ನುವ ಎರಡು ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಹೇಗೆ? ಕೋಣೆಗೆ ಓಡಿ ಯಂತ್ರದಲ್ಲಿ ಹಳೆಯ ಚಿತ್ರ ತೆಗೆದಳು. ಗಾಯದ ಮೇಲೆ ಒತ್ತಿ ತೆಗೆದ ಆ ಎರಡು ಬಡಿತ ಇನ್ನೂ ಅಲ್ಲೇ ಇದ್ದವು, ಅವಳು ಅಳಿಸಿರಲಿಲ್ಲ. ಯಂತ್ರಕ್ಕೆ ಬಿಟ್ಟಳು, ಮೌಸ್ ಮುಟ್ಟಲಿಲ್ಲ. ಹದಿನೈದು. ಮತ್ತೊಮ್ಮೆ ಬಿಟ್ಟಳು. ಹದಿನೈದು. ಅವತ್ತೇ ಈ ಅಂಕೆ ಬರೆದಿದ್ದರೆ ಮದ್ದು ಅವತ್ತೇ ನಿಲ್ಲುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡರೆ ಬೇಡದ ನಳಿಗೆಯೊಂದು ಅತ್ತಿಗೆಯ ಹೃದಯದವರೆಗೆ ಹೋಗುತ್ತದೆ. ಬಾಯಿಬಿಟ್ಟರೆ ಇಪ್ಪತ್ಮೂರು ವರ್ಷದ ಹೆಸರು ಮಣ್ಣುಪಾಲು. ಅವಳು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟದ್ದೂ ನಿಜ. ಆ ಬೆರಳನ್ನು ನೆನೆದರೆ ಅವಳಿಗೆ ಇವತ್ತಿಗೂ ತನ್ನ ಮೇಲೇ ಹೇಸಿಗೆಯಾಗುತ್ತದೆ.

ಪಕ್ಕದ ಮಂಚದಿಂದ ನಿಧಾನಮ್ಮ ಕೇಳಿದಳು, “ಮೇಡಂ, ನಿಮ್ಮ ಅತ್ತಿಗೆ ಹೇಗಿದಾರೆ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅರವತ್ತು ಯಂತ್ರದ ಪರದೆಗೆ ಅಡ್ಡ ನಿಂತು “ನಿನ್ನ ಕೆಲಸ ನೋಡ್ಕೋ” ಎಂದು ಗದರಿದಳು.

ಸಂಜೆ ವಾರ್ಡಿಗೆ ಹೋದಾಗ ಅತ್ತಿಗೆ ದಿಂಬಿಗೆ ಒರಗಿ ಕೂತಿದ್ದಳು. ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಇವಳನ್ನು ಕಂಡದ್ದೇ ಕೈ ಹಿಡಿದುಕೊಂಡಳು.

“ಪುಟ್ಟಿ, ಬೈಬೇಡ. ತಪ್ಪು ನಂದೇ.”

“ಏನು ತಪ್ಪು?”

“ಹೊಲಿಯೋಕೆ ಬಂದಿತ್ತಲ್ಲ, ಆ ಪರದೆ ಬಟ್ಟೆಯ ಮೂಟೆ. ಹೋದ ತಿಂಗಳು ಕೆಳಗಿಂದ ನಾನೇ ಹೊತ್ಕೊಂಡು ಬಂದೆ. ಭಾರ ಎತ್ಬಾರ್ದು ಅಂದಿದ್ರು, ನಿಂಗೆ ಹೇಳ್ಲಿಲ್ಲ. ಅದ್ರಿಂದಾನೇ ಹೀಗಾಗಿದೆ. ನೀನು ನೋಡಿದಾಗ ಚೆನ್ನಾಗಿತ್ತಲ್ಲ. ಡಾಕ್ಟ್ರು ಇಲ್ಲಿ ನಿಂತ್ಕೊಂಡು ಅಂತಿದ್ರು, ಅವಳ ಲೆಕ್ಕ ತಪ್ಪೋ ಮಾತೇ ಇಲ್ಲ ಅಂತ. ನಾನು ಏನೋ ಮಾಡ್ಕೊಂಡು ನಿನ್ನ ಹೆಸರಿಗೆ ಮಸಿ ಬಳಿದ್ನಲ್ಲ ಅಂತ ಬೆಳಗ್ಗಿಂದ ಹೊಟ್ಟೆ ಉರೀತಿದೆ ಕಣೆ.”

ಕೆನ್ನೆಗೆ ಬಾರಿಸಿದ್ದರೂ ಅವಳಿಗೆ ಅಷ್ಟು ತಾಗುತ್ತಿರಲಿಲ್ಲ. ಕೈ ಬಿಡಿಸಿಕೊಂಡು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು, ನೆಲ ನೋಡುತ್ತ ಹೇಳಿದಳು. ಗಾಯ, ಎರಡು ಬಡಿತ, ಹದಿನೈದು, ಒಂದು ಪಕ್ಕೆಲುಬು ಮೇಲೆ, ಮೌಸು, ಹತ್ತೊಂಬತ್ತು. ‘ಹೌದು ಸಾರ್’ ಅಂದದ್ದನ್ನೂ ಹೇಳಿದಳು. ಅಳಿಸುವ ಗುಂಡಿಯನ್ನೂ ಬಿಡಲಿಲ್ಲ. “ನಿಂಗೆ ನೋವಾಗುತ್ತೆ ಅಂತ ಸರಿಸಿದೆ ಅತ್ತಿಗೆ. ಆದ್ರೆ ಗೆರೆ ಜಗ್ಗಿದ್ದು ನೋವಿಗಲ್ಲ. ನಂಗೆ ಆ ಅಂಕೆ ಬೇಡವಾಗಿತ್ತು.”

ಅತ್ತಿಗೆ ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಸವರುತ್ತ ಕೂತಳು. ಪಕ್ಕದ ಮಂಚದವರ ಮನೆಯವರು ಬಂದು, ಹಣ್ಣು ಕೊಟ್ಟು, ಹೋದರು.

“ಅಳತೆ ಕೊಡೋವಾಗ ಹೊಟ್ಟೆ ಒಳಗೆಳ್ಕೊಂಡು ಉಸಿರು ಬಿಗಿಹಿಡಿಯೋರನ್ನ ಬೇಕಾದಷ್ಟು ನೋಡಿದೀನಿ,” ಅಂದಳು ಕೊನೆಗೆ. “ಅಂಗಿ ಮೊದಲ ದಿನವೇ ಬಿರಿಯುತ್ತೆ, ಆಮೇಲೆ ಬಂದು ನನ್ನ ಬೈತಾರೆ. ಆದ್ರೆ ಟೇಪು ಹಿಡಿದೋಳೇ ಉಸಿರು ಬಿಗಿಹಿಡಿದದ್ದನ್ನ ಇದೇ ಮೊದಲು ನೋಡ್ತಿರೋದು.”

“ಅತ್ತಿಗೆ—”

“ಒತ್ತು ಅಂದಿದ್ದೆ ನಾನು. ಎರಡು ಸಲ ಅಂದೆ.” ದನಿ ಜೋರಾಗಲಿಲ್ಲ. “ಹೋಗು, ಡಾಕ್ಟ್ರು ಮನೆಗೆ ಹೋಗೋಕೆ ಮುಂಚೆ ಹೇಳು.”

ಡಾಕ್ಟರು ಎಕೋ ಕೋಣೆಯಲ್ಲೇ ಇದ್ದರು, ನಿಧಾನಮ್ಮನೂ ಇದ್ದಳು. ಅವಳನ್ನು ಹೊರಗೆ ಕಳಿಸಿ ಹೇಳಬಹುದಿತ್ತು. ಅವಳ ಮಾನ ಎಲ್ಲರೆದುರಿಗೆ ಕಳೆದವಳಿಗೆ ತನ್ನದನ್ನು ಬಾಗಿಲು ಮುಚ್ಚಿ ಕಳೆದುಕೊಳ್ಳುವ ಹಕ್ಕಿಲ್ಲ ಅನ್ನಿಸಿ, ಅರವತ್ತು ಅವಳೆದುರಿಗೇ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು. ಡಾಕ್ಟರು ಕಿರುಚಲಿಲ್ಲ, ಕಿರುಚಿದ್ದರೆ ಹಗುರಾಗುತ್ತಿತ್ತೇನೋ. ಆಂಜಿಯೋಗ್ರಾಂ ರದ್ದು ಮಾಡಿ, ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ ಮದ್ದು ನಿಲ್ಲಿಸಲು ಹೇಳಿ, ಮಾತ್ರೆ ಬರೆದರು. ಆಮೇಲೆ ಒಂದೇ ಮಾತು ಕೇಳಿದರು.

“ಇನ್ನೆಷ್ಟು ಜನರದ್ದು ಹೀಗೆ?”

ಅವಳಿಗೆ ಗೊತ್ತಿರಲಿಲ್ಲ. ಅತ್ತಿಗೆಯೊಬ್ಬಳಿಗೇ ಮಾಡಿದ್ದು ಎಂದು ಎದೆ ತಟ್ಟಿ ಹೇಳಲು ಬಾಯಿ ತೆರೆದವಳಿಗೆ, ಬೇರೆ ಹೆಂಗಸರ ಗಾಯಗಳೂ ನೆನಪಾದವು. ಅವರಿಗೂ ನೋಯುತ್ತಿತ್ತು. ಅಲ್ಲೂ ಕೈ ತಾನಾಗಿ ಮೇಲೆ ಹೋಗುತ್ತಿತ್ತೇ?

ಒಂದು ತಿಂಗಳು ಅವಳು ಯಾರ ಎದೆಯ ಮೇಲೂ ಪ್ರೋಬ್ ಇಡಲಿಲ್ಲ. ಎಡಗಡೆ ಆಪರೇಷನ್ ಆದ ನಲವತ್ತೊಂದು ಹೆಂಗಸರಿಗೆ ಇವಳು ಮಾಡಿದ್ದ ಹಳೆಯ ಎಕೋ ಚಿತ್ರಗಳನ್ನು ನಿಧಾನಮ್ಮ ಯಂತ್ರದಲ್ಲಿ ಒಂದೊಂದಾಗಿ ತೆಗೆದಳು, ಅರವತ್ತು ಪಕ್ಕದಲ್ಲಿ ಕೂತು ನೋಡಿದಳು. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಯಾರೂ ಜೋಗುಳದ ಮಾತೆತ್ತಲಿಲ್ಲ. ಐದು ಜನರಲ್ಲಿ ತುದಿ ಕತ್ತರಿಸಿ ಹೋಗಿತ್ತು. ಐವರನ್ನೂ ಕರೆಸಿ ಮತ್ತೆ ಮಾಡಿದರು. ನಾಲ್ವರು ಚೆನ್ನಾಗಿದ್ದರು, ಒಬ್ಬರಿಗೆ ಮಾತ್ರೆ ಶುರುಮಾಡಬೇಕಾಯಿತು. ಆ ಐದನೆಯವರಿಗೆ ಅರವತ್ತು ತಾನೇ ವಿಷಯ ಹೇಳಿದಳು. ಅವರು “ಪರವಾಗಿಲ್ಲ ಬಿಡಮ್ಮ, ನೀನು ಎಷ್ಟು ಮೃದುವಾಗಿ ಮಾಡ್ತಿದ್ದೆ” ಅಂದಾಗ ಅವಳಿಗೆ ತಲೆಯೆತ್ತಲಾಗಲಿಲ್ಲ.

ಅರವತ್ತು ಅನ್ನುವ ಹೆಸರನ್ನು ಬಿಡಿಸಿಕೊಳ್ಳಲು ನೋಡಿದಳು, ಅದು ಬಿಡಲಿಲ್ಲ. ವಾರ್ಡಿನವರು, ಲಿಫ್ಟಿನವರು, ಬಾಗಿಲು ಕಾಯುವವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ಪ್ರತಿ ಸಲ ಯಾರೋ ಬೆನ್ನಿಗೆ ಚಿವುಟಿದ ಹಾಗಾಗುತ್ತಿತ್ತು.

ಮೂರು ತಿಂಗಳಾಯಿತು. ಅತ್ತಿಗೆ ಈಗ ಮೆಟ್ಟಿಲನ್ನು ಒಮ್ಮೆ ನಿಂತು ಹತ್ತುತ್ತಿದ್ದಳು. ಎಕೋದ ದಿನ ಇಬ್ಬರೂ ಜೊತೆಗೇ ಆಸ್ಪತ್ರೆಗೆ ಬಂದರು. ಬಾಗಿಲಲ್ಲಿ ಅತ್ತಿಗೆ ಕೈಚೀಲವನ್ನು ಅರವತ್ತಿನ ಕೈಗೆ ಕೊಟ್ಟು, “ಇಲ್ಲೇ ಕೂತಿರು” ಎಂದು, ನಿಧಾನಮ್ಮನ ಹಿಂದೆ ಒಳಗೆ ಹೋದಳು. ಅರವತ್ತು ತಾನು ಇಪ್ಪತ್ಮೂರು ವರ್ಷ ಒಮ್ಮೆಯೂ ಕೂರದಿದ್ದ ಬೆಂಚಿನ ಮೇಲೆ, ಉಳಿದ ಮನೆಯವರ ನಡುವೆ ಕೂತಳು. ಪರದೆ ಎಳೆದ ಸದ್ದು ಕೇಳಿತು. ಕನ್ನಡಿಗೂ ತೋರಿಸದ ಗಾಯವನ್ನು ಅತ್ತಿಗೆ ಹೊರಗಿನವಳೊಬ್ಬಳ ಮುಂದೆ ಬಿಚ್ಚುತ್ತಿದ್ದಾಳೆ ಎಂದು ಅವಳಿಗೆ ಗೊತ್ತಾಯಿತು. ತನಗೊಬ್ಬಳಿಗೇ ಕೊಟ್ಟಿದ್ದ ನಂಬಿಕೆ ಅದು. ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು.

“ನೋವಾಗ್ತಿದೆಯಾಮ್ಮ?” ನಿಧಾನಮ್ಮನ ದನಿ.

“ಆಗ್ತಿದೆ. ಇನ್ನೂ ಒತ್ತು.” ಅತ್ತಿಗೆಯ ದನಿ ಬಾಗಿಲಾಚೆಗೂ ಬರುವಷ್ಟು ದೊಡ್ಡದಿತ್ತು. “ಹೊರಗೆ ಕೂತಿದಾಳಲ್ಲ, ಅವಳಿಗೆ ನಂಗೆ ನೋವು ಮಾಡೋಕೆ ಬರಲ್ಲ. ನೀನು ಒತ್ತು.”

ಪಕ್ಕದಲ್ಲಿ ಕೂತಿದ್ದ ಮುದುಕಿ ಇವಳ ಕಣ್ಣು ನೋಡಿ, “ಒಳಗಿರೋದು ನಿಮ್ಮ ತಾಯೀನಾ?” ಎಂದು ಕೇಳಿದಳು. ಅರವತ್ತು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ಮುದುಕಿಗೆ ತಿಳಿಯಲಿಲ್ಲ.

ನಲವತ್ತು ನಿಮಿಷದ ಮೇಲೆ ಅತ್ತಿಗೆ ಹೊರಗೆ ಬಂದಳು. ಹಿಂದೆಯೇ ಬಂದ ನಿಧಾನಮ್ಮ ಅಂಕೆ ಹೇಳಿದಳು: “ಐವತ್ಮೂರು ಮೇಡಂ, ಗೋಡೆ ಹದಿನೇಳು. ತುದಿ ಪೂರ್ತಿ ಸಿಕ್ಕಿದೆ.” ಅರವತ್ತಿಗೆ ಅದನ್ನು ತಾನೇ ಒಮ್ಮೆ ನೋಡಬೇಕು ಅನ್ನಿಸಿತು, ಕೇಳಲಿಲ್ಲ. ಎದ್ದು ಅಭ್ಯಾಸದಂತೆ ಅತ್ತಿಗೆಯ ಅಂಗಿಗೆ ಕೈಹಾಕಿದಳು. ಗುಂಡಿಗಳೆಲ್ಲ ಹಾಕಿಯಾಗಿದ್ದವು.

“ಅವಳೇ ಹಾಕಿದ್ಲು,” ಅಂದಳು ಅತ್ತಿಗೆ ಚೀಲ ತೆಗೆದುಕೊಳ್ಳುತ್ತ. “ನಿಧಾನಕ್ಕೆ ಹಾಕಿದ್ಲು. ಒಂದೂ ತಪ್ಪಿಲ್ಲ.”